‘ಇಲ್ಲ’ ಎಂದು ಒತ್ತಿದವಳು

ರೈಲಿನ ಚಾಲಕರು ಡ್ಯೂಟಿಗೆ ಬಂದಾಗ ಒಂದು ಯಂತ್ರ ಅವರನ್ನು ಪ್ರಶ್ನೆ ಕೇಳುತ್ತದೆ. ಇದು ನನಗೆ ಗೊತ್ತಾಗಿದ್ದು ನನ್ನ ಮಗಳು ಆ ಕೆಲಸಕ್ಕೆ ಸೇರಿದ ಮೇಲೆ. ಎಟಿಎಂ ಥರದ ಒಂದು ಪೆಟ್ಟಿಗೆ, ಅದಕ್ಕೊಂದು ಪರದೆ. ಹೆಬ್ಬೆಟ್ಟು ಇಡಬೇಕು. ಕುಡಿದಿಲ್ಲ ಅಂತ ತೋರಿಸಲು ಕೊಳವೆಗೆ ಉಸಿರು ಊದಬೇಕು. ಆಮೇಲೆ ಅದು ಕೇಳುತ್ತದೆ, ನಿಯಮದ ಪ್ರಕಾರ ಪೂರ್ತಿ ವಿಶ್ರಾಂತಿ ಪಡೆದಿದ್ದೀರಾ? ಹೌದು, ಇಲ್ಲ. ಎರಡರಲ್ಲಿ ಒಂದನ್ನು ಒತ್ತಬೇಕು.

ಹಿಂದಿನ ಡ್ಯೂಟಿ ಎಷ್ಟು ಹೊತ್ತಿಗೆ ಮುಗಿಯಿತು ಅನ್ನುವುದು ಅದೇ ಯಂತ್ರದ ಹೊಟ್ಟೆಯೊಳಗೇ ಇರುತ್ತದೆ. ಎರಡನೇ ಕ್ಲಾಸಿನ ಮಗು ಕೂಡ ಕಳೆದು ಹೇಳಬಹುದಾದ ಲೆಕ್ಕ. ಆದರೂ ಮನುಷ್ಯನನ್ನು ಕೇಳುತ್ತಾರೆ. ಯಾಕೆ ಕೇಳುತ್ತಾರೆ ಅಂತ ವ್ಯಾಪಾರ ಮಾಡಿ ಬದುಕಿದ ನನಗೆ ಒಂದೇ ಸಲಕ್ಕೆ ತಿಳಿಯಿತು. ನಾಳೆ ಎಲ್ಲಾದರೂ ಗಾಡಿ ಕೆಂಪು ದೀಪ ದಾಟಿ ಹೋದರೆ, ‘ನೀನೇ ಅಲ್ಲವೇನಮ್ಮ ಹೌದು ಅಂತ ಒತ್ತಿದ್ದು’ ಅನ್ನಬಹುದು. ಅಷ್ಟಕ್ಕೇ. ಗೊತ್ತಿದ್ದೂ ಎಲ್ಲರೂ ‘ಹೌದು’ ಒತ್ತುತ್ತಾರೆ, ಒತ್ತಿ ಎಂಜಿನ್ ಹತ್ತುತ್ತಾರೆ.

ನನ್ನ ಮಗಳು ‘ಇಲ್ಲ’ ಒತ್ತಿದಳು.

ನಾನು ರಾಮನಗರದವಳು. ಮಾಗಡಿ ಕಡೆ, ತಿಪ್ಪಸಂದ್ರದ ಸುತ್ತಮುತ್ತ ಮಾವಿನ ತೋಟಗಳನ್ನು ಹೂವಿನಲ್ಲೇ ಗುತ್ತಿಗೆ ಹಿಡಿಯುತ್ತೇನೆ. ಮರ ಹೂ ಬಿಟ್ಟಾಗ ತೋಟದೊಳಗೆ ಒಂದು ಸುತ್ತು ಬಂದು, ಎಷ್ಟು ಕಾಯಿ ನಿಲ್ಲುತ್ತದೆ ಅಂತ ಅಂದಾಜು ಮಾಡಿ, ಮಾತಾಡಿ ಮುಗಿಸುವ ವ್ಯಾಪಾರ. ಹೆದ್ದಾರಿಯ ಪಕ್ಕ ಗೋಣಿಚೀಲ ಹಾಸಿ ಹಣ್ಣು ಮಾರುತ್ತಾ ಶುರು ಮಾಡಿದವಳು ಇವತ್ತು ಗಂಡಸರ ಜೊತೆ ನಿಂತು ತೋಟಕ್ಕೆ ಮಾತಾಡುತ್ತೇನೆ ಅಂದರೆ, ಅದು ಒಂದು ವಿಷಯ ಬೇಗ ಕಲಿತಿದ್ದರಿಂದ. ಯಾರು ಏನೇ ಹೇಳಲಿ, ಅದು ಅವರ ಮೊದಲ ಮಾತು, ಕೊನೇ ಮಾತಲ್ಲ. ತೋಟದವನು ಹೇಳುವುದೂ ಅಷ್ಟೆ, ತಾಲ್ಲೂಕು ಕಚೇರಿಯ ಗುಮಾಸ್ತ ಹೇಳುವುದೂ ಅಷ್ಟೆ. ನಿಯಮ ಅಂದರೂ ನನಗೆ ಹಾಗೇ ಕೇಳಿಸುತ್ತಿತ್ತು. ಒಸಿ ಜಗ್ಗಿದರೆ ಬರುತ್ತದೆ, ಒಸಿ ಬಿಟ್ಟರೆ ಹೋಗುತ್ತದೆ.

ಮಗಳು ಚನ್ನಪಟ್ಟಣದಲ್ಲಿ ಡಿಪ್ಲೊಮಾ ಓದಿದಳು. ಪರೀಕ್ಷೆ ಬರೆದು ಸಹಾಯಕ ಚಾಲಕಿಯಾದಳು. ಗೂಡ್ಸ್ ಗಾಡಿಯ ಎಂಜಿನ್‌ನಲ್ಲಿ ಇಬ್ಬರಿರುತ್ತಾರೆ. ಓಡಿಸುವವರು ಲೋಕೋ ಪೈಲಟ್, ಪಕ್ಕದಲ್ಲಿ ಇವಳು. ಮುಂದೆ ಸಿಗ್ನಲ್ ಕಂಡ ತಕ್ಷಣ ಇಬ್ಬರೂ ಕೈ ಚಾಚಿ ಅದರ ಬಣ್ಣವನ್ನು ಬಾಯಿಬಿಟ್ಟು ಕೂಗಬೇಕು. ಒಬ್ಬರು ಕೂಗಿದ್ದನ್ನು ಇನ್ನೊಬ್ಬರು ಕೇಳಿ ತಿರುಗಿ ಕೂಗಬೇಕು. ಒಂದು ಜೊತೆ ಕಣ್ಣು ತಪ್ಪಿದರೆ ಇನ್ನೊಂದು ಜೊತೆ ಹಿಡಿಯಲಿ ಅಂತ ಈ ಏರ್ಪಾಡು. ಮೊದಮೊದಲು ಅವಳು ಮನೆಯಲ್ಲಿ ಅಭ್ಯಾಸ ಮಾಡುವಾಗ ನಾನು ನಗುತ್ತಿದ್ದೆ. ಒಲೆ ಮುಂದೆ ನಿಂತು ಕೈ ಚಾಚಿ ‘ಹಸಿರು!’ ಅನ್ನುವಳು. ನಾನು ‘ಉಕ್ತಾ ಐತೆ, ಹಾಲು ಇಳಿಸಮ್ಮಿ’ ಅನ್ನುವೆ.

ಆ ಎಂಜಿನ್‌ನಲ್ಲಿ ಹೆಂಗಸರಿಗೆ ಹೋಗಲಿ, ಗಂಡಸರಿಗೂ ಒಂದು ಕಕ್ಕಸು ಇಲ್ಲ. ಮಗಳು ಬೇಸಿಗೆಯಲ್ಲೂ ನೀರು ಕುಡಿಯದೆ ಹೋಗುತ್ತಾಳೆ. ನಾನು ತೋಟಕ್ಕೆ ಕೊಯ್ಲಿನವರನ್ನು ಕರೆದುಕೊಂಡು ಹೋದರೆ ಮೊದಲು ಹೆಂಗಸರಿಗೆ ಮರೆ ಎಲ್ಲಿದೆ ಅಂತ ನೋಡುತ್ತೇನೆ. ಕಾಯಿ ಕೀಳುವ ಕೆಲಸಕ್ಕೆ ಇರುವ ಮರ್ಯಾದೆ, ಸಾವಿರಾರು ಟನ್ನು ಎಳೆಯುವ ಕೆಲಸಕ್ಕಿಲ್ಲ.

ಆ ದಿನ ನಡೆದದ್ದು ಇಷ್ಟು. ಬೆಳಗ್ಗೆ ಏಳಕ್ಕೆ ಡ್ಯೂಟಿ ಮುಗಿಸಿ, ಪ್ಯಾಸೆಂಜರ್ ಹಿಡಿದು, ಒಂಬತ್ತಕ್ಕೆ ಮನೆ ಸೇರಿದಳು. ತಿಂದು ಮಲಗಿದಳು. ಅಷ್ಟು ಉದ್ದದ ಡ್ಯೂಟಿ ಮಾಡಿ ಬಂದವರಿಗೆ ಮನೆಯಲ್ಲಿ ಹದಿನಾರು ಗಂಟೆ ವಿಶ್ರಾಂತಿ ಅಂತ ಅವರದೇ ಪುಸ್ತಕ ಹೇಳುತ್ತದೆ. ಮಧ್ಯಾಹ್ನ ಮೂರಕ್ಕೆ ಫೋನ್. ಇನ್ನೊಬ್ಬ ಸಹಾಯಕ ಬಂದಿಲ್ಲ, ಐದಕ್ಕೆ ಬಾ. ಫೋನಿನಲ್ಲಿ ಬರುವುದಿಲ್ಲ ಅಂದರೆ ಗೈರುಹಾಜರಿ. ಅದಕ್ಕೆ ಹೋದಳು. ಐದು ಗಂಟೆಗೆ ಯಂತ್ರದ ಮುಂದೆ ನಿಂತಳು. ಅದು ಕೇಳಿತು. ಇವಳು ನಿಜ ಹೇಳಿದಳು.

ಪರದೆ ಕೆಂಪಾಯಿತಂತೆ. ಅವರ ಡಿಪೋ ಯಾವ ಊರು, ಮೇಲ್ವಿಚಾರಕ ಯಾರು ಅಂತ ನಾನು ಬರೆಯುವುದಿಲ್ಲ. ಆತ ಎದ್ದು ಬಂದು, “ಏನಮ್ಮ, ಕೈ ತಪ್ತಾ? ಇನ್ನೊಂದು ಸಲ ಒತ್ತು” ಅಂದರು.

“ಕೈ ತಪ್ಪಿಲ್ಲ ಸರ್. ಹತ್ತು ಗಂಟೆ ಆಗಿದೆ ಅಷ್ಟೆ. ಅದ್ರಲ್ಲೂ ಅರ್ಧ ರೈಲಲ್ಲೇ ಕೂತಿದ್ದೀನಿ.”

“ಎಲ್ರಿಗೂ ಅಷ್ಟೇ ಆಗಿರೋದು. ನೀನೊಬ್ಳೇ ಏನು ಮಹಾರಾಣಿನಾ?”

ಇವಳು ಮತ್ತೆ ಒತ್ತಲಿಲ್ಲ. ಬೇರೆ ಸಹಾಯಕ ಸಿಗುವವರೆಗೆ ಆ ಗಾಡಿ ನಿಂತಿತು. ವಾರದೊಳಗೆ ಚಾರ್ಜ್ ಶೀಟ್ ಬಂತು: ಬೇಕೆಂದೇ ಡ್ಯೂಟಿ ನಿರಾಕರಿಸಿ ಗಾಡಿ ತಡ ಮಾಡಿದ್ದಾಳೆ. ಆರೋಪ ಗಟ್ಟಿಯಾದರೆ ಕೆಲಸಕ್ಕೇ ಕುತ್ತು ಬರಬಹುದು ಅಂತ ಅವಳ ಜೊತೆಯವರು ಹೆದರಿಸಿದರು. ಅವಳು ಸೇರಿ ಇನ್ನೂ ಮೂರು ವರ್ಷ ತುಂಬಿರಲಿಲ್ಲ.

ನಾನು ಅವತ್ತೇ ಮಗಳ ಹೆಸರಿನಲ್ಲಿ ಕಾಗದ ಬರೆದೆ. ನನಗೆ ಕಾಗದ ಬರೆಯಲು ಬರುತ್ತದೆ, ಎಸೆಸೆಲ್ಸಿವರೆಗೂ ಓದಿದವಳು. ‘ನಿದ್ದೆಯ ಮಂಪರಿನಲ್ಲಿ ಅಚಾತುರ್ಯದಿಂದ ತಪ್ಪು ಗುಂಡಿ ಒತ್ತಿದ್ದೇನೆ, ಮನ್ನಿಸಬೇಕು.’ ಮೇಲ್ವಿಚಾರಕ ಹೇಳಿ ಕಳಿಸಿದ್ದೂ ಅದೇ. ಅಂಥ ಒಂದು ಕಾಗದ ಕೊಟ್ಟರೆ ಫೈಲು ಮುಚ್ಚುತ್ತೇವೆ. ಮಗಳು ಓದಿ ಪಕ್ಕಕ್ಕಿಟ್ಟಳು.

“ಮಂಪರು ಅಂತ ನೀನೇ ಬರ್ದಿದ್ದೀಯಲ್ಲವ್ವ. ಮಂಪರಲ್ಲಿದ್ದೋಳ್ನ ಎಂಜಿನ್ ಹತ್ತಿಸ್ಬೋದಾ?”

“ನೀನು ಲಾಯರ್ ಥರ ಮಾತಾಡ್ಬೇಡ. ಸೈನ್ ಹಾಕು. ಬಗ್ಗಿದ್ರೆ ಬೆನ್ನು ಮುರಿಯಕಿಲ್ಲ ಕಣಮ್ಮಿ.”

“ಇದುಕ್ಕೆ ಸೈನ್ ಹಾಕಿದ್ರೆ ಇನ್ನು ಯಾವತ್ತು ‘ಇಲ್ಲ’ ಅಂದ್ರೂ ಕೈ ತಪ್ತು ಅಂತಾರೆ.”

“ಅನ್ಲಿ ಬುಡು. ಕೆಲ್ಸ ಉಳ್ಕಂತದೆ.”

“ಹಂಗಾದ್ರೆ ನಮ್ಮ ಟೆಂಪೋ ಅಣ್ಣಂಗೆ ನೀನ್ಯಾಕೆ ಚಾಪೆ ಹಾಸಿ ಮಲಗಿಸ್ತೀಯ?”

ಅವಳು ಕೇಳಿದ್ದು ಸರಿಯಿತ್ತು. ಒಂದು ವರ್ಷ ಕೊಯ್ಲಿನ ಭರಾಟೆಯಲ್ಲಿ ನಿದ್ದೆಗೆಟ್ಟ ಡ್ರೈವರನ್ನು ಕಳಿಸಿದ್ದಕ್ಕೆ, ಬಾದಾಮಿ ಮಾವು ತುಂಬಿದ ಟೆಂಪೋ ಕನಕಪುರದ ರಸ್ತೆಯಲ್ಲಿ ಮಗುಚಿಕೊಂಡಿತ್ತು. ಮನುಷ್ಯ ಕಾಲು ಮುರಿದುಕೊಂಡು ಉಳಿದ. ಅವತ್ತಿನಿಂದ ನಾನು ಡ್ರೈವರನ್ನು ಮಲಗಿಸಿ, ಎಬ್ಬಿಸಿ, ಮುಖ ತೊಳೆಸಿ, ಆಮೇಲೇ ಬೀಗದ ಕೈ ಕೊಡುತ್ತೇನೆ. ನನ್ನ ಹಣ್ಣಿಗೆ ಒಂದು ನಿಯಮ, ನನ್ನ ಮಗಳಿಗೆ ಇನ್ನೊಂದು. ಉತ್ತರ ತೋಚದಿದ್ದಾಗ ನನ್ನಂಥವಳು ಸುಮ್ಮನಿರುವುದಿಲ್ಲ, ಏನಾದರೂ ಮಾಡಲು ಹೊರಡುತ್ತಾಳೆ.

ನಮ್ಮ ಕಡೆ ಮಾವಿನ ವ್ಯಾಪಾರಸ್ಥರಲ್ಲಿ ಒಂದು ಪದ್ಧತಿ ಇದೆ. ಮೊದಲ ಕೊಯ್ಲಿನ ಹಣ್ಣನ್ನು ಹುಲ್ಲಿನಲ್ಲಿ ಮಾಗಿಸಿ, ನಮ್ಮ ಕೆಲಸ ಯಾರ ಕೈಯಲ್ಲಿದೆಯೋ ಅವರ ಮನೆಗೆ ಒಂದೊಂದು ಮಂಕರಿ ಮುಟ್ಟಿಸುತ್ತೇವೆ. ಲೈನ್‌ಮನ್‌ಗೆ, ಮಂಡಿಯವನಿಗೆ, ಕಚೇರಿಯವರಿಗೆ. ಅದನ್ನು ಲಂಚ ಅಂತ ನಾವ್ಯಾರೂ ಅಂದುಕೊಂಡಿಲ್ಲ. ಹಣ್ಣು ಹೋದ ಮನೆಯಲ್ಲಿ ಮಾತು ಒಸಿ ಮೆತ್ತಗಾಗುತ್ತದೆ ಅಂತ ಮಾತ್ರ ಎಲ್ಲರಿಗೂ ಗೊತ್ತು. ಒಂದು ಭಾನುವಾರ ಬೆಳಗ್ಗೆ ಮಗಳಿಗೆ ಹೇಳದೆ ನಾನು ಒಂದು ಮಂಕರಿ ರಸಪೂರಿ ಹೊತ್ತು ಮೇಲ್ವಿಚಾರಕನ ಮನೆಗೆ ಹೋದೆ.

ಬನಿಯನ್ನಿನಲ್ಲಿ ಪೇಪರ್ ಓದುತ್ತಾ ಕೂತಿದ್ದರು. “ಬನ್ನಿ ಅಮ್ಮ, ಕೂತ್ಕೊಳ್ಳಿ” ಅಂದರು. ಮರ್ಯಾದೆಗೆ ಕೊರತೆಯಿರಲಿಲ್ಲ. ಹುಲ್ಲು ಸರಿಸಿ ಒಂದು ಹಣ್ಣು ಮೂಸಿ ನೋಡಿದರು.

“ಅಬ್ಬಾ, ಏನು ಘಮ! ನಿಮ್ಮದೇ ತೋಟದ್ದಾ?”

“ಗುತ್ತಿಗೆದು ಸ್ವಾಮಿ. ಮಗಳು ಚಿಕ್ಕೋಳು, ತಿಳೀದೆ ಮಾಡ್ಬುಟ್ಟವ್ಳೆ. ಒಸಿ ನೋಡ್ಕಬೇಕು.”

“ನೋಡೋಣ, ನೋಡೋಣ. ಒಂದು ಫೋಟೋ ತಗೊಳ್ಲಾ? ಇಂಥ ಹಣ್ಣು ನಮ್ಮೋರು ಯಾರೂ ನೋಡಿರಲ್ಲ.”

ನಾನು ಸೆರಗು ಸರಿಮಾಡಿಕೊಂಡು ಮಂಕರಿ ಪಕ್ಕ ನಿಂತೆ. ನಕ್ಕೆ ಕೂಡ. ಮೂವತ್ತು ವರ್ಷ ವ್ಯಾಪಾರ ಮಾಡಿದ ಹೆಂಗಸು ನಾನು, ಫೋಟೋಗೆ ನಕ್ಕುಕೊಂಡು ನಿಂತೆ!

ಎರಡು ದಿನ ಬಿಟ್ಟು ಫೋನ್ ಬಂತು. ದನಿ ಅಷ್ಟೇ ಮರ್ಯಾದೆಯದು. “ಅಮ್ಮ, ನಿಮ್ಮ ಮಗಳು ಇನ್ನೂ ಕಾಗದ ಕೊಟ್ಟಿಲ್ಲ. ವಿಚಾರಣೆ ನಡೆದ್ರೆ ನಾನು ಎಲ್ಲಾ ಹೇಳ್ಬೇಕಾಗುತ್ತೆ. ಆರೋಪಿ ಮನೆಯೋರು ನನ್ನ ಮನೆ ಬಾಗಿಲಿಗೆ ಏನೋ ಹೊತ್ಕೊಂಡು ಬಂದಿದ್ರು ಅನ್ನೋದನ್ನೂ. ಫೋಟೋ ಇದೆಯಲ್ಲ. ನನಗೇನು ಹೇಳಲೇಬೇಕು ಅಂತಿಲ್ಲ. ಅವಳು ಒಂದು ಸೈನ್ ಹಾಕಿದ್ರೆ ಸಾಕು.”

ನನ್ನ ಹಣ್ಣನ್ನೇ ತಕ್ಕಡಿಗೆ ಹಾಕಿ ನನಗೇ ತೂಗಿದ್ದ. ನನಗೆ ಮೋಸ ಮಾಡಿದವರು ಬೇಕಾದಷ್ಟು ಜನ ಇದ್ದಾರೆ, ನಾನೂ ಒಂದಿಬ್ಬರಿಗೆ ಮಾಡಿರಬಹುದು. ಆದರೆ ಆ ಸಿಟ್ಟಿನ ಜಾತಿಯೇ ಬೇರೆ. ನಿದ್ದೆಯಿಲ್ಲದವರ ಕೈಯಲ್ಲಿ ಗಾಡಿ ಕಳಿಸುವುದು ಅವನಿಗೆ ಮಾಮೂಲಿ. ನಿದ್ದೆಯಿಲ್ಲ ಅಂದವಳು ತಪ್ಪಿತಸ್ಥಳು. ಅದರ ಮೇಲೆ ನಾನೇ ಹೋಗಿ ಅವನ ಕೈಗೆ ಕುಡುಗೋಲು ಕೊಟ್ಟು ಬಂದಿದ್ದೆ.

ಮಗಳಿಗೆ ಹೇಳಲೇಬೇಕಾಯಿತು. ಬಟ್ಟೆ ಮಡಿಸುತ್ತಿದ್ದಳು. ಕೇಳಿ, ಕೈಯಲ್ಲಿದ್ದ ಸಮವಸ್ತ್ರದ ಅಂಗಿಯನ್ನು ಹಾಗೇ ಮಂಚದ ಮೇಲೆ ಬಿಟ್ಟಳು.

“ನಾನು ಒಂದೇ ಒಂದು ನಿಜ ಹೇಳಿದ್ದು ಕಣವ್ವ. ನೀನು ಹೋಗಿ ಅದುನ್ನ ಹಣ್ಣಿಗೆ ಮಾರ್ಬುಟ್ಟು ಬಂದೆ.”

“ನಿನಗೋಸ್ಕರ ಹೋಗಿದ್ದು.”

“ನನ್ನ ಕೇಳಿದ್ದಾ?”

ಇಲ್ಲ, ಕೇಳಿರಲಿಲ್ಲ. ಎರಡು ದಿನ ಅವಳು ನನ್ನ ಕೈಯ ಊಟ ಮಾಡಲಿಲ್ಲ. ತಾನೇ ಅನ್ನ ಮಾಡಿಕೊಂಡು ಮೊಸರು ಕಲಸಿಕೊಂಡು ತಿಂದಳು. ಆ ಎರಡು ದಿನದಲ್ಲಿ ನಾನು ಯೋಚನೆ ಮಾಡಿದ್ದನ್ನು ಇಲ್ಲಿ ಹೇಳುತ್ತೇನೆ, ಯಾರಿಗಾದರೂ ಉಪಯೋಗಕ್ಕೆ ಬರಲಿ. ಮಂಕರಿಯಲ್ಲಿ ಕೊಳೆತ ಹಣ್ಣಿದ್ದರೆ, ಕೊಳ್ಳುವವನು ಎತ್ತಿ ತೋರಿಸುವ ಮೊದಲು ನೀವೇ ಎತ್ತಿ ಆಚೆ ಇಡಿ. ಅವನು ತೋರಿಸಿದರೆ ಇಡೀ ಮಂಕರಿಯ ಬೆಲೆ ಬೀಳುತ್ತದೆ. ನೀವೇ ಇಟ್ಟರೆ ಒಂದು ಹಣ್ಣು ಮಾತ್ರ ಹೋಗುತ್ತದೆ.

ವಿಚಾರಣೆಯಲ್ಲಿ ಮಗಳ ಪರ ಮಾತಾಡಲು ಅವಳ ಡಿಪೋದ ಹಿರಿಯ ಲೋಕೋ ಪೈಲಟ್ ಒಬ್ಬರು ಒಪ್ಪಿದ್ದರು. ನೌಕರರ ಪರ ಇನ್ನೊಬ್ಬ ನೌಕರ ನಿಲ್ಲಬಹುದಂತೆ. ಅವರ ಜೊತೆ ಮಗಳು ಎಷ್ಟೋ ಸಲ ಎಂಜಿನ್ ಹತ್ತಿದ್ದಾಳೆ. ತಲೆ ಪೂರ್ತಿ ನರೆತ, ಮೆತ್ತಗೆ ಮಾತಾಡುವ ಮನುಷ್ಯ. ನಾನು ಅವರಿಗೆ ಎಲ್ಲಾ ಹೇಳಿ, “ಅಣ್ಣ, ನನ್ನ ಸಾಕ್ಷಿ ಮಾಡಿ, ನಾನೇ ಹೇಳ್ತೀನಿ” ಅಂದೆ. ಅವರು, “ನಿಮ್ಮ ಮಗಳಿಗೆ ಆ ಧೈರ್ಯ ಎಲ್ಲಿಂದ ಬಂತು ಅಂತ ಈಗ ಗೊತ್ತಾಯ್ತು ಬುಡಮ್ಮ” ಅಂದರು. ಪಕ್ಕದಲ್ಲಿದ್ದ ಮಗಳು, “ನಮ್ಮವ್ವಂದು ಧೈರ್ಯ ಅಲ್ಲ ಸರ್, ಮೊಂಡು” ಅಂದಳು. ಎರಡು ದಿನದಲ್ಲಿ ಅವಳು ನನ್ನ ಬಗ್ಗೆ ಆಡಿದ ಮೊದಲ ಮಾತು.

ವಿಚಾರಣೆ ಅಂದರೆ ಕೋರ್ಟು ಅಂದುಕೊಂಡಿದ್ದೆ. ಒಂದು ಮೇಜು, ನೀರಿನ ಜಗ್ಗು, ಮೂರು ಫೈಲು, ಒಬ್ಬ ವಿಚಾರಣಾಧಿಕಾರಿ. ನನ್ನನ್ನು ಕರೆದಾಗ ನಾನು ನಿಂತೇ ಹೇಳಿದೆ. ಹಣ್ಣು ಹೊತ್ತುಕೊಂಡು ಹೋಗಿದ್ದು ನಾನು, ಮಗಳಿಗೆ ಗೊತ್ತಿರಲಿಲ್ಲ. ನಮ್ಮ ವ್ಯಾಪಾರದ ಪದ್ಧತಿ, ಅದು ಇಲ್ಲಿ ತಪ್ಪು, ಒಪ್ಪಿದೆ. “ಹಣ್ಣನ್ನು ಇವರು ವಾಪಸ್ ಕೊಡಲಿಲ್ಲ, ತಿಂದರು. ಆಮೇಲೆ ಫೋನ್ ಮಾಡಿ, ಸೈನ್ ಹಾಕಿದರೆ ಫೋಟೋ ವಿಷಯ ಹೇಳುವುದಿಲ್ಲ ಅಂದರು. ಬರೆದುಕೊಳ್ಳಿ.” ಮೇಲ್ವಿಚಾರಕ ನೀರು ಕುಡಿದರು.

ಮಗಳ ಪರ ನಿಂತ ಹಿರಿಯರು ಒಂದೇ ಕಾಗದ ಕೇಳಿದ್ದರು, ಅವತ್ತಿನ ಹೊತ್ತುಗಳ ದಾಖಲೆ. ಯಾವಾಗ ಡ್ಯೂಟಿ ಮುಗಿಯಿತು, ಯಾವಾಗ ಕರೆ ಹೋಯಿತು. ಅದನ್ನು ಮೇಜಿನ ಮೇಲಿಟ್ಟು ಕೇಳಿದರು:

“ನಿಯಮದ ಪ್ರಕಾರ ವಿಶ್ರಾಂತಿ ಆಗಿತ್ತಾ ಸರ್?”

“ಸಿಬ್ಬಂದಿ ಕೊರತೆ ಇತ್ತು,” ಅಂದರು ಮೇಲ್ವಿಚಾರಕ.

“ನಾನು ಅದನ್ನ ಕೇಳ್ಲಿಲ್ಲ. ಆಗಿತ್ತಾ?”

“…ಇಲ್ಲ.”

“ಹಾಗಾದ್ರೆ ಯಂತ್ರಕ್ಕೆ ಅವಳು ಹೇಳಿದ್ದು ಸುಳ್ಳಾ?”

“ಸುಳ್ಳಲ್ಲ. ಆದ್ರೆ ಗಾಡಿ ತಡ ಆಯ್ತು.”

ಕೊರತೆ, ಕೊರತೆ! ಆ ಪದವನ್ನು ಅವತ್ತು ಎಷ್ಟು ಸಲ ಕೇಳಿದೆನೋ. ಕೊಯ್ಲಿಗೆ ಆಳು ಸಿಗದಿದ್ದರೆ ನಾನು ಮರದ ಮೇಲಿರುವವನನ್ನೇ ಎರಡು ಸಲ ಎಣಿಸುವುದಿಲ್ಲ. ಖಾಲಿ ಬಿದ್ದ ಕುರ್ಚಿಗೆ ಜನ ತುಂಬದೆ, ಇರುವವರ ನಿದ್ದೆಯನ್ನು ಕಿತ್ತು ಗಾಡಿ ಓಡಿಸುವುದಕ್ಕೆ ಕೊರತೆ ಅಂತ ಹೆಸರು. ನನ್ನ ಕಡೆ ಅದಕ್ಕೆ ಕಳ್ಳತನ ಅನ್ನುತ್ತಾರೆ.

ಎರಡು ತಿಂಗಳ ಮೇಲೆ ಆದೇಶ ಬಂತು. ಕೆಲಸ ಉಳಿಯಿತು. ವಿಶ್ರಾಂತಿ ಕಡಿಮೆಯಿತ್ತು ಅನ್ನುವುದನ್ನು ಗಮನಿಸಲಾಗಿದೆ ಅಂತ ಒಂದು ಸಾಲು. ಆದರೂ ಕರೆ ಬಂದಾಗಲೇ ತಿಳಿಸದೆ ಕೊನೇ ಗಳಿಗೆಯಲ್ಲಿ ಹೇಳಿ ಗಾಡಿ ತಡವಾಗಲು ಕಾರಣಳಾದದ್ದಕ್ಕೆ ಒಂದು ವರ್ಷದ ಇನ್‌ಕ್ರಿಮೆಂಟ್ ತಡೆ. ಕರೆ ಬಂದಾಗ ಹೇಳಿದರೆ ಗೈರುಹಾಜರಿ, ಯಂತ್ರಕ್ಕೆ ಹೇಳಿದರೆ ತಡ. ಹಾಗಾದರೆ ಹೇಳುವುದು ಯಾರಿಗೆ? ನಾನು ಕೂಗಾಡಿದೆ. ಮಗಳು ಆದೇಶವನ್ನು ಎರಡು ಸಲ ಓದಿ, “ನಾನು ಸುಳ್ಳು ಹೇಳಿದೆ ಅಂತ ಎಲ್ಲೂ ಬರ್ದಿಲ್ಲ ನೋಡು” ಅಂದಳು. ಅವಳಿಗೆ ಬೇಕಾಗಿದ್ದದ್ದು ಅದೊಂದೇ. ಕಡಿಮೆಗೆ ಒಪ್ಪಿಕೊಂಡಳು ಅಂತ ನನಗೆ ಇವತ್ತಿಗೂ ಅನ್ನಿಸುತ್ತದೆ.

ಆಮೇಲೆ ಒಂದು ಬದಲಾವಣೆ ಆಯಿತು. ಅವಳಿಗೆ ಹದಿನಾರು ಗಂಟೆ ತುಂಬುವವರೆಗೆ ಫೋನ್ ಬರುವುದು ನಿಂತಿತು. ನಾನು ಗೆದ್ದೆ ಅಂದುಕೊಂಡೆ. ಸಂತೆಯಲ್ಲಿ ನಾಲ್ಕು ಜನಕ್ಕೆ ಹೇಳಿಕೊಂಡೂ ಬಂದೆ, ‘ಬರವಣಿಗೆಯಲ್ಲಿ ಕೇಳಿ, ದಾಖಲೆ ತೆಗೆಸಿ, ಬಗ್ಗಬೇಡಿ’ ಅಂತ.

ಹೋದ ತಿಂಗಳು ಅವಳು ಡ್ಯೂಟಿ ಮುಗಿಸಿ ಬಂದವಳು ಊಟಕ್ಕೆ ಕೂತು ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. ಏನಮ್ಮಿ ಅಂದೆ.

“ಅವ್ರು ನಿದ್ದೆ ಮಾಡ್ದೆ ಬಂದಿದ್ರವ್ವ.”

“ಯಾರು?”

“ನನ್ನ ಪರ ಮಾತಾಡ್ದೋರು. ಇವತ್ತು ಅವರದೇ ಗಾಡಿ. ಒಂಬತ್ತು ಗಂಟೆನೂ ಆಗಿರ್ಲಿಲ್ಲ. ನನ್ನ ಮುಂದೇನೇ ‘ಹೌದು’ ಅಂತ ಒತ್ತಿದ್ರು. ಒತ್ತಿ ನನ್ನ ಕಡೆ ನೋಡ್ಲಿಲ್ಲ.”

“ನೀನೇನ್ಮಾಡ್ದೆ?”

“ಅವರ ಬೆರಳು ನಾನು ಹಿಡ್ಕಳಕಾಯ್ತದಾ? ಸಿಗ್ನಲ್ ಎಲ್ಲಾ ಜೋರಾಗಿ ಕೂಗ್ದೆ. ಎರಡು ಸಲ ಅವ್ರು ತಿರುಗಿ ಕೂಗ್ಲಿಲ್ಲ. ತೋಳು ಹಿಡಿದು ಅಲ್ಲಾಡಿಸ್ದೆ.”

ಆಗ ನನಗೆ ಅರ್ಥವಾಯಿತು. ನನ್ನ ಮಗಳಿಗೆ ಸಿಕ್ಕಿದ್ದ ನಿದ್ದೆ ಆ ಡಿಪೋದಲ್ಲಿ ಹೊಸದಾಗಿ ಹುಟ್ಟಿದ್ದಲ್ಲ. ಬಾಯಿ ಬಿಡದವರ ಪಾಲಿನದನ್ನು ಕಿತ್ತು ಬಾಯಿ ಬಿಟ್ಟವಳಿಗೆ ಕೊಟ್ಟಿದ್ದರು. ಎಂಜಿನ್‌ನಲ್ಲಿ ಇರುವುದು ಇಬ್ಬರು. ಒಬ್ಬರು ಮಲಗಿ ಎದ್ದು ಬಂದಿದ್ದರೆ ಅರ್ಧ ಸುರಕ್ಷತೆ ಅಂತ ಆಗುವುದಿಲ್ಲ. ನಾನು ಜೀವನಪೂರ್ತಿ ಅರ್ಧಕ್ಕೆ ಮಾತಾಡಿ ಮುಗಿಸಿದವಳು. ಈ ಒಂದು ವಸ್ತುವನ್ನು ಅರ್ಧ ಮಾಡಲು ಬರುವುದಿಲ್ಲ ಅನ್ನುವುದು ನನಗೆ ಅವತ್ತು ತಿಳಿಯಿತು.

ಮಗಳು ಮಲಗಿದ ಮೇಲೆ ಅವಳ ಫೋನಿನಿಂದ ಆ ಹಿರಿಯರ ಮನೆಯ ನಂಬರ್ ತೆಗೆದುಕೊಂಡು ಹಿತ್ತಲಿಗೆ ಹೋದೆ. ಅವಳನ್ನು ಕೇಳಲಿಲ್ಲ, ಈ ಸಲವೂ. ಎತ್ತಿದ್ದು ಅವರ ಹೆಂಡತಿ. ನಾನು ಯಾರು ಅಂತ ಹೇಳಿದೆ.

“ಗೊತ್ತು ಹೇಳಕ್ಕ. ಹಣ್ಣಿನೋರು.”

“ಯಜಮಾನ್ರು ಇವತ್ತು ಎಷ್ಟು ಹೊತ್ತು ಮಲ್ಗಿದ್ರಮ್ಮ?”

“ಎಲ್ಲಿ ಮಲಗ್ತಾರಕ್ಕ. ಬಂದ್ರು, ಉಂಡ್ರು, ಹೋದ್ರು.”

“ಮುಂದಿನ ಸಲ ‘ಇಲ್ಲ’ ಅಂತ ಒತ್ತಕ್ಕೆ ಹೇಳಿ. ನೀವು ಹೇಳಿದ್ರೆ ಕೇಳ್ತಾರೆ. ಪಕ್ಕದಲ್ಲಿ ನನ್ನ ಮಗಳೂ ಇರ್ತಾಳೆ.”

“ನಿಮ್ಮ ಮಗಳು ಚಿಕ್ಕೋಳು ಕಣಕ್ಕ, ಒಂದು ಇನ್‌ಕ್ರಿಮೆಂಟ್ ಹೋದ್ರೆ ಇನ್ನೊಂದು ಬತ್ತದೆ. ನಮ್ಮೋರ ರಿಟೈರ್‌ಮೆಂಟಿಗೆ ಎರಡು ವರ್ಷ ಐತೆ. ಈಗ ಕೇಸು ಬಿದ್ರೆ ಪೆನ್ಷನ್ ಕೊಡೋರ್ಯಾರು? ಎಲ್ಲಾ ಒತ್ತಂಗೆ ಒತ್ತುದ್ರೆ ಕೆಲ್ಸ ಉಳ್ಕಂತದೆ.”

ಕೆಲಸ ಉಳಿಯುತ್ತದೆ ಅನ್ನುವುದು ನಾನೇ ನನ್ನ ಮಗಳಿಗೆ ಆಡಿದ್ದ ಮಾತು. ನನಗೆ ಸಿಟ್ಟು ಬಂತು. ಆ ಹೆಂಗಸಿನ ಮೇಲಲ್ಲ. ಎರಡು ಮನೆಯ ಹೆಂಗಸರು ಹಿತ್ತಲಲ್ಲಿ ನಿಂತು, ಒಬ್ಬರ ಕೆಲಸಕ್ಕೆ ಇನ್ನೊಬ್ಬರ ಜೀವ ಅಂತ ಚೌಕಾಸಿ ಮಾಡುವ ಹಾಗೆ ಮಾಡಿ, ತಾವು ಫ್ಯಾನಿನ ಕೆಳಗೆ ಕೂತು ‘ಕೊರತೆ’ ಅಂತ ಬರೆಯುವವರ ಮೇಲೆ.

“ಅಲ್ಲಮ್ಮ, ಪೆನ್ಷನ್ ತಗಳಕ್ಕೆ ಮನುಷ್ಯ ಇರ್ಬೇಕಲ್ವಾ?” ಅಂದೆ, ಜೋರಾಗಿಯೇ.

ಆಕೆ ಫೋನ್ ಇಟ್ಟುಬಿಟ್ಟರು. ನಾನು ತಿರುಗಿ ಅದೇ ನಂಬರ್ ಒತ್ತಿದೆ.